ವಿಹಾರನೌಕೆಯ ಪ್ರವಾಸ: ಅದರ ಸೊಗಸು, ಅದರ ಬೆಲೆ

ಮನುಷ್ಯನು ಹಡಗನ್ನು ಕಟ್ಟಿದುದು ಈ ದಡದಿಂದ ಆ ದಡವನ್ನು ಸೇರುವುದಕ್ಕೆ. ವ್ಯಾಪಾರಕ್ಕೋ, ಯುದ್ಧಕ್ಕೋ, ಯಾತ್ರೆಗೋ, ಹೊಟ್ಟೆಯ ಪಾಡಿಗೋ, ಅಂತೂ ಹೋಗಿ ಸೇರಬೇಕಾದ ಒಂದು ಊರು ಇದ್ದೇ ಇರುತ್ತಿತ್ತು. ಶನಿವಾರ ಹೊರಟು, ಏಳು ದಿನ ನೀರಿನ ಮೇಲೆ ಸುತ್ತಾಡಿ, ಮುಂದಿನ ಶನಿವಾರ ಹೊರಟ ಬಂದರಿಗೇ ಮರಳಿ ಬರುವ ಹಡಗನ್ನೂ, ಅದನ್ನೇರಲು ಹಣ ತೆತ್ತು ಸಾಲುಗಟ್ಟಿ ನಿಲ್ಲುವ ಜನರನ್ನೂ ಕಂಡಿದ್ದರೆ ನಮ್ಮ ಹಿರಿಯರು ಏನೆನ್ನುತ್ತಿದ್ದರೋ! ಸಮುದ್ರ ದಾಟಿದವನಿಗೆ ಪ್ರಾಯಶ್ಚಿತ್ತ ವಿಧಿಸುತ್ತಿದ್ದ ಕಾಲವೂ ನಮ್ಮಲ್ಲಿ ಇತ್ತಷ್ಟೆ. ಇಂದು ಈ ಬಗೆಯ ಪ್ರವಾಸಕ್ಕೆ ‘ಕ್ರೂಸ್’ ಎಂದು ಹೆಸರು. ಕನ್ನಡದಲ್ಲಿ ವಿಹಾರನೌಕೆಯ ಪ್ರವಾಸ ಎನ್ನೋಣ. 2019ರಲ್ಲಿ ಪ್ರಪಂಚದಲ್ಲೆಲ್ಲ ಸುಮಾರು 2 ಕೋಟಿ 97 ಲಕ್ಷ ಜನ ಇಂತಹ ಹಡಗುಗಳನ್ನು ಏರಿದರು. ಮಹಾಮಾರಿಯ ಕಾಲದಲ್ಲಿ ಈ ವ್ಯವಹಾರವು ಬಹುಮಟ್ಟಿಗೆ ನಿಂತೇ ಹೋಯಿತು. ಆದರೆ 2024ರಲ್ಲಿ ಆ ಸಂಖ್ಯೆ 3 ಕೋಟಿ 46 ಲಕ್ಷವನ್ನು ಮುಟ್ಟಿತು. ಇಷ್ಟು ಜನರನ್ನು ಸೆಳೆಯುವ ವಸ್ತುವಿನಲ್ಲಿ ಸೊಗಸು ಇಲ್ಲವೆನ್ನಲು ಸಾಧ್ಯವಿಲ್ಲ. ಆ ಸೊಗಸಿಗೆ ಬೆಲೆ ತೆರುವವರು ಯಾರು ಎಂಬುದೇ ನನ್ನ ವಿಚಾರ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಇಂತಹ ಹಡಗನ್ನು ಏರಿದವನಲ್ಲ. ಪಣಂಬೂರಿನ ದಂಡೆಯಲ್ಲಿ ನಿಂತು ದೂರದಿಂದ ನೋಡಿದವನು. ಆದರೆ ನಮ್ಮ ಮನೆಯವರೊಬ್ಬರು ಅದರ ಹೊಟ್ಟೆಯೊಳಗೆ ಆರು ವರ್ಷಗಳಿಂದ ದುಡಿಯುತ್ತಿದ್ದಾರೆ. ಅವರ ವಿಷಯ ಮುಂದೆ ಬರುತ್ತದೆ.

ಈ ಪ್ರವಾಸದ ಹುಟ್ಟು ಸ್ವಾರಸ್ಯವಾದುದು. ಜರ್ಮನಿಯ ಹ್ಯಾಂಬರ್ಗ್-ಅಮೆರಿಕ ಕಂಪೆನಿಯ ಹಡಗುಗಳು ಬೇಸಗೆಯಲ್ಲಿ ಅಟ್ಲಾಂಟಿಕ್ ದಾಟುವ ಜನರಿಂದ ತುಂಬಿರುತ್ತಿದ್ದವು. ಚಳಿಗಾಲದಲ್ಲಿ ಆ ಒರಟು ಸಮುದ್ರವನ್ನು ದಾಟುವವರು ಕಡಿಮೆ. ಹಡಗು ಸುಮ್ಮನೆ ನಿಂತರೂ ಖರ್ಚು ತಪ್ಪದು. ಕಂಪೆನಿಯ ಆಲ್ಬರ್ಟ್ ಬಾಲಿನ್ ಎಂಬಾತನಿಗೆ ಒಂದು ಉಪಾಯ ಹೊಳೆಯಿತು. 1891ರ ಜನವರಿಯಲ್ಲಿ ‘ಆಗಸ್ಟಾ ವಿಕ್ಟೋರಿಯಾ’ ಎಂಬ ಹಡಗನ್ನು 241 ಪ್ರಯಾಣಿಕರೊಡನೆ ಮೆಡಿಟರೇನಿಯನ್ ಸಮುದ್ರದ ಬಿಸಿಲಿಗೆ ಸುಮಾರು ಎರಡು ತಿಂಗಳ ವಿಹಾರಕ್ಕೆ ಕಳುಹಿಸಿದ. ಖಾಲಿ ಕುಳಿತ ಎತ್ತಿಗೆ ಗಾಣ ಹುಡುಕಿದಂತೆ! ಅದು ಲಾಭ ತಂದಿತು. 1900ರಲ್ಲಿ ಇದೇ ಕಂಪೆನಿ ವಿಹಾರಕ್ಕೆಂದೇ ಒಂದು ನೌಕೆಯನ್ನು ಕಟ್ಟಿಸಿತು. ಅದು 1906ರಲ್ಲಿ ಜಮೈಕದ ಬಳಿ ನೆಲಕ್ಕೆ ತಗಲಿ ಹಾಳಾಯಿತೆಂಬುದು ಬೇರೆಯ ಮಾತು.

ಆದರೂ ಅಲ್ಲಿಂದ ಮುಂದೆ ಅರ್ಧ ಶತಮಾನದ ವರೆಗೆ ಹಡಗಿನ ಮುಖ್ಯ ಕೆಲಸ ಜನರನ್ನು ದಾಟಿಸುವುದೇ ಆಗಿತ್ತು. ನಮ್ಮ ವಿ. ಕೃ. ಗೋಕಾಕರು ಓದಲೆಂದು ಇಂಗ್ಲೆಂಡಿಗೆ ಹೋದುದೂ ಹಡಗಿನಲ್ಲಿಯೇ. ‘ಸಮುದ್ರಗೀತೆಗಳು’ ಬಂದುದು ಆ ಕಡಲಯಾನದ ಅನುಭವದಿಂದ. 1958ರ ಅಕ್ಟೋಬರಿನಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ಸಾಗರವನ್ನು ದಾಟತೊಡಗಿದವು. ಐದು ದಿನದ ದಾರಿ ಕೆಲವು ಗಂಟೆಗಳ ದಾರಿಯಾಯಿತು. ದಾಟಿಸುವ ಹಡಗಿಗೆ ಕೆಲಸವೇ ಇಲ್ಲದಾಯಿತು. 1966ರ ಡಿಸೆಂಬರಿನಲ್ಲಿ ‘ಸನ್‌ವರ್ಡ್’ ಎಂಬ ನೌಕೆ ಅಮೆರಿಕದ ಮಯಾಮಿಯಿಂದ ಕೆರೀಬಿಯನ್ ಸಮುದ್ರದ ವಿಹಾರಕ್ಕೆ ಹೊರಟಿತು. ಇಂದಿನ ವ್ಯವಹಾರದ ಮೂಲ ಅಲ್ಲಿದೆ. ಊರು ಸೇರಿಸುವ ಹಡಗು ಹೋಗಿ, ಹಡಗೇ ಊರಾಯಿತು.

ಎಂತಹ ಊರು ಎಂಬುದಕ್ಕೆ ‘ಐಕಾನ್ ಆಫ್ ದಿ ಸೀಸ್’ ಒಳ್ಳೆಯ ಉದಾಹರಣೆ. ಫಿನ್ಲೆಂಡಿನ ತುರ್ಕು ಎಂಬಲ್ಲಿ ಕಟ್ಟಲಾದ ಈ ನೌಕೆ 2024ರ ಜನವರಿಯಲ್ಲಿ ಮಯಾಮಿಯಿಂದ ಮೊದಲ ಯಾತ್ರೆಗೆ ಹೊರಟಿತು. ಉದ್ದ ಸುಮಾರು 365 ಮೀಟರು, ಅಂತಸ್ತುಗಳು 20, ಈಜುಕೊಳಗಳು 7. ಅಳತೆ 2,48,663 ಟನ್ನು. (ಇಲ್ಲಿ ಟನ್ನೆಂದರೆ ತೂಕವಲ್ಲ, ಹಡಗಿನ ಒಳಗಿನ ಅವಕಾಶದ ಅಳತೆ.) ಟೈಟಾನಿಕ್ ಹಡಗಿನ ಅಳತೆ 46 ಸಾವಿರ ಚಿಲ್ಲರೆ, ಅಂದರೆ ಅಂತಹ ಐದು ಹಡಗುಗಳಿಗಿಂತ ಇದೊಂದೇ ದೊಡ್ಡದು. ಪೂರ್ತಿ ತುಂಬಿದಾಗ 7,600 ಪ್ರಯಾಣಿಕರು, ಅವರನ್ನು ನೋಡಿಕೊಳ್ಳಲು 2,350 ನೌಕರರು. ನಮ್ಮ ಕಾಲೇಜಿನ ವಿದ್ಯಾರ್ಥಿಗಳೆಲ್ಲರೂ ಹತ್ತಿ ಕುಳಿತರೂ ಅದರ ಒಂದು ಮೂಲೆ ತುಂಬಲಾರದು.

ಇದರ ಆಕರ್ಷಣೆಯನ್ನು ಲಘುವಾಗಿ ಕಾಣುವುದು ಸರಿಯಲ್ಲ. ನಮ್ಮ ಜನರ ಪ್ರವಾಸವನ್ನು ನೆನೆದುಕೊಳ್ಳಿ. ಗಂಟುಮೂಟೆ ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು. ಬಸ್ಸಿಗೆ ಓಟ, ಕೋಣೆಗೆ ಚೌಕಾಸಿ, ಊಟ ಸಿಕ್ಕೀತೋ ಇಲ್ಲವೋ ಎಂಬ ಚಿಂತೆ. ಮನೆಗೆ ಬಂದ ಮೇಲೆ ಪ್ರವಾಸದ ದಣಿವಾರಿಸಿಕೊಳ್ಳಲು ಇನ್ನೊಂದು ರಜೆ ಬೇಕು. ವಿಹಾರನೌಕೆಯಲ್ಲಿ ಪೆಟ್ಟಿಗೆಯನ್ನು ಒಮ್ಮೆ ಬಿಚ್ಚಿದರೆ ಮುಗಿಯಿತು. ರಾತ್ರಿ ನಿದ್ದೆಹೋದರೆ ಬೆಳಿಗ್ಗೆ ಕಿಟಕಿಯ ಹೊರಗೆ ಬೇರೊಂದು ದೇಶ! ಹಾಸಿಗೆ, ಊಟ, ಸಂಗೀತ, ನಾಟಕ, ಮಕ್ಕಳ ಆಟ ಎಲ್ಲವೂ ಒಂದೇ ಹಣದಲ್ಲಿ ಅಡಕ. ಮಂಡಿನೋವಿನ ಅಜ್ಜಿಯೂ ಗಾಲಿಕುರ್ಚಿಯ ತಾತನೂ ಯಾರಿಗೂ ಹೊರೆಯಾಗದೆ ನಾಲ್ಕು ದೇಶಗಳ ಕಡಲತೀರ ಕಾಣಬಹುದು. ಇದು ಸಣ್ಣ ಉಪಕಾರವಲ್ಲ. ಒಬ್ಬಂಟಿ ಹೆಂಗಸು ಅಂಜಿಕೆಯಿಲ್ಲದೆ ರಾತ್ರಿ ಹನ್ನೆರಡಕ್ಕೆ ಮಹಡಿಯ ಮೇಲೆ ನಿಂತು ನಕ್ಷತ್ರಗಳನ್ನು ನೋಡಬಹುದಾದ ಊರುಗಳು ಭೂಮಿಯ ಮೇಲೆ ಎಷ್ಟಿವೆ?

ಇನ್ನೊಂದು ಆಕರ್ಷಣೆ ಸೂಕ್ಷ್ಮವಾದುದು. ಅಲ್ಲಿ ಯಾವುದನ್ನೂ ನಿರ್ಧರಿಸಬೇಕಾಗಿಲ್ಲ. ದಿನದ ಕಾರ್ಯಕ್ರಮ ಅಚ್ಚಾಗಿ ಕೈಗೆ ಬರುತ್ತದೆ. ವರ್ಷವೆಲ್ಲ ಸಂಸಾರದ ಲೆಕ್ಕ ಹಾಕಿ ಬೇಸತ್ತವರಿಗೆ ಏಳು ದಿನ ತಾವು ಮಗುವಾಗಿ ಇರುವ ಸುಖ. ಹಳೆಯ ಹಡಗುಗಳಲ್ಲಿ ಒಂದನೆಯ, ಎರಡನೆಯ, ಮೂರನೆಯ ತರಗತಿಗಳೆಂದು ಬೇಲಿ ಹಾಕುತ್ತಿದ್ದರು. ವಿಹಾರನೌಕೆಗಳು ಆ ಬೇಲಿಯನ್ನು ಬಹುಮಟ್ಟಿಗೆ ಕಿತ್ತುಹಾಕಿದವು. ಈಗೀಗ ಅದು ಹಿಂಬಾಗಿಲಿನಿಂದ ಮರಳಿ ಬರುತ್ತಿದೆ: 2008ರಿಂದೀಚೆಗೆ ಕೆಲವು ನೌಕೆಗಳಲ್ಲಿ ಹೆಚ್ಚು ಹಣ ತೆತ್ತವರಿಗೆ ಬೇರೆ ಊಟದ ಮನೆ, ಬೇರೆ ಈಜುಕೊಳ, ಬೀಗವಿರುವ ಬೇರೆ ಓಣಿ. ಹಡಗಿನೊಳಗೊಂದು ಹಡಗು! ಮನುಷ್ಯನಿಗೆ ಬೇಲಿಯಿಲ್ಲದೆ ನಿದ್ದೆ ಬರುವುದಿಲ್ಲವೆಂದು ತೋರುತ್ತದೆ.

ಇನ್ನು ಹಣದ ಮಾತು. ನಾನು ಅರ್ಥಶಾಸ್ತ್ರದ ವಿದ್ಯಾರ್ಥಿಯಾದುದರಿಂದ ಇಲ್ಲಿ ತುಸು ನಿಲ್ಲುತ್ತೇನೆ. ಟಿಕೆಟಿನ ದರ ಇಷ್ಟು ಸುಲಭವಾಗಿರುವುದು ಹೇಗೆ? ಟಿಕೆಟು ಬಾಗಿಲು ಮಾತ್ರ, ಅಂಗಡಿ ಇರುವುದು ಒಳಗೆ. ಮದ್ಯ, ಜೂಜು, ಅಂಗಮರ್ದನ, ಛಾಯಾಚಿತ್ರ, ಅಂತರಜಾಲ, ದಡದ ಮೇಲಿನ ಸುತ್ತಾಟ ಎಲ್ಲಕ್ಕೂ ಬೇರೆ ಹಣ. ಕಾರ್ನಿವಲ್ ಎಂಬ ದೊಡ್ಡ ಸಂಸ್ಥೆಯ 2023ರ ವರಮಾನ ಸುಮಾರು 2,160 ಕೋಟಿ ಡಾಲರು. ಅದರಲ್ಲಿ ಸುಮಾರು 750 ಕೋಟಿ, ಎಂದರೆ ಮೂರರಲ್ಲೊಂದು ಪಾಲಿಗೂ ಮೀರಿ, ಟಿಕೆಟಿನಿಂದಲ್ಲದೆ ಹಡಗಿನ ಒಳಗಿನ ಇಂತಹ ಖರ್ಚಿನಿಂದ ಬಂದುದು. ಹಡಗು ಬಂದರಿನಲ್ಲಿ ನಿಂತಾಗ ಜೂಜಿನ ಮನೆಯನ್ನು ಸಾಮಾನ್ಯವಾಗಿ ಮುಚ್ಚಿರುತ್ತಾರೆ. ಆದಕಾರಣ ಪ್ರಯಾಣಿಕನು ದಡದಲ್ಲಿ ಕಳೆಯುವ ಪ್ರತಿ ಗಂಟೆಯೂ ಕಂಪೆನಿಗೆ ಅಷ್ಟು ನಷ್ಟ. ಹಡಗು ಬಂದರಿನಲ್ಲಿ ಎಂಟು ಹತ್ತು ಗಂಟೆಗಿಂತ ಹೆಚ್ಚು ನಿಲ್ಲದಿರುವುದಕ್ಕೆ ಇದೂ ಒಂದು ಕಾರಣವೆಂದು ನಾನು ತಿಳಿಯುತ್ತೇನೆ.

ಎರಡನೆಯ ಉತ್ತರ ಬಾವುಟದಲ್ಲಿದೆ. ‘ಐಕಾನ್’ ನೌಕೆ ಹೊರಡುವುದು ಅಮೆರಿಕದಿಂದ, ಹೆಚ್ಚಿನ ಪ್ರಯಾಣಿಕರೂ ಅಮೆರಿಕದವರು. ಆದರೆ ಅದರ ಹಿಂಬದಿಯಲ್ಲಿ ಬರೆದಿರುವ ಊರು ಬಹಾಮಾಸ್ ದ್ವೀಪಗಳ ನಸ್ಸಾವು. ಅದರ ಒಡೆಯರಾದ ರಾಯಲ್ ಕೆರೀಬಿಯನ್ ಕಂಪೆನಿ 1985ರಲ್ಲಿ ನೋಂದಣಿಯಾದುದು ಆಫ್ರಿಕದ ಲೈಬೀರಿಯದಲ್ಲಿ. ಹೀಗೆ ಮಾಡುವುದರಿಂದ ಅಮೆರಿಕದ ವರಮಾನ ತೆರಿಗೆ ಬಹುಮಟ್ಟಿಗೆ ತಪ್ಪುತ್ತದೆ, ಅಲ್ಲಿನ ಕನಿಷ್ಠ ಕೂಲಿಯ ಕಾನೂನೂ ತಗಲುವುದಿಲ್ಲ. ಇದೆಲ್ಲ ಕಾನೂನಿನ ಒಳಗೇ ಇದೆ. ಇದರಿಂದ ವಿನೋದವೂ ಹುಟ್ಟುತ್ತದೆ. ಅಮೆರಿಕದ ಒಂದು ಬಂದರಿನಿಂದ ಇನ್ನೊಂದಕ್ಕೆ ಪರದೇಶದ ಹಡಗು ಪ್ರಯಾಣಿಕರನ್ನು ಒಯ್ಯಕೂಡದೆಂದು 1886ರ ಒಂದು ಕಾಯಿದೆ ಹೇಳುತ್ತದೆ. ಆದುದರಿಂದ ಸಿಯಾಟಲ್‌ನಿಂದ ಅಲಾಸ್ಕಕ್ಕೆ ಹೋಗಿಬರುವ ನೌಕೆಗಳು ದಾರಿಯಲ್ಲಿ ಕೆನಡದ ವಿಕ್ಟೋರಿಯದಂತಹ ಒಂದು ಊರನ್ನು ಕೆಲವು ಗಂಟೆಗಳ ಮಟ್ಟಿಗಾದರೂ ಮುಟ್ಟುತ್ತವೆ. ಪ್ರಯಾಣಿಕನು ಅದನ್ನು ದೇಶಸಂಚಾರವೆಂದುಕೊಳ್ಳುತ್ತಾನೆ. ಅದು ಕಾನೂನಿನ ಕಂದಾಯ!

ಹಡಗು ಬಂದು ನಿಲ್ಲುವ ಊರುಗಳ ಪಾಡೇನು? ಅಲಾಸ್ಕದ ಜೂನೋ ಪಟ್ಟಣದ ಜನಸಂಖ್ಯೆ ಸುಮಾರು 32,000. 2023ರ ಒಂದು ಋತುವಿನಲ್ಲೇ ಅಲ್ಲಿಗೆ 16 ಲಕ್ಷಕ್ಕೂ ಹೆಚ್ಚು ನೌಕಾ ಪ್ರವಾಸಿಗಳು ಬಂದರು. ಅವರನ್ನು ನಂಬಿ ಅಂಗಡಿಗಳು ಬದುಕುತ್ತವೆ. ಅವರಿಂದಾಗಿಯೇ ಊರಿನವರಿಗೆ ರಸ್ತೆ ದಾಟುವುದು ಕಷ್ಟ. ಕೊನೆಗೆ ಪಟ್ಟಣವೂ ಕಂಪೆನಿಗಳೂ ಕುಳಿತು ಮಾತಾಡಿ, 2024ರಿಂದ ದಿನಕ್ಕೆ ಐದೇ ದೊಡ್ಡ ಹಡಗುಗಳೆಂದೂ, 2026ರಿಂದ ಹಡಗುಗಳ ಹಾಸಿಗೆಗಳ ಲೆಕ್ಕದಲ್ಲಿ ದಿನಕ್ಕೆ 16,000, ಶನಿವಾರ 12,000 ಮೀರಕೂಡದೆಂದೂ ಒಪ್ಪಂದ ಮಾಡಿಕೊಂಡರು. ವೆನಿಸ್ ನಗರದಲ್ಲಿ ಮಾತಿನಿಂದ ಆಗಲಿಲ್ಲ. 2019ರ ಜೂನ್ 2ರಂದು ‘ಎಂಎಸ್‌ಸಿ ಒಪೇರಾ’ ಎಂಬ ಹಡಗು ಹಿಡಿತ ತಪ್ಪಿ ದಂಡೆಗೂ ಒಂದು ಪ್ರವಾಸಿ ದೋಣಿಗೂ ಬಡಿದು ಕೆಲವರು ಗಾಯಗೊಂಡರು. 2021ರ ಆಗಸ್ಟ್ 1ರಿಂದ 25,000 ಟನ್ನಿಗೆ ಮೀರಿದ ಹಡಗುಗಳು ಸಂತ ಮಾರ್ಕನ ಚೌಕದ ಮುಂದೆ ಹಾಯಕೂಡದೆಂದು ಇಟಲಿ ಸರ್ಕಾರ ವಿಧಿಸಿತು.

ಊರಿನವರ ತಂಟೆಯೇ ಬೇಡವೆಂದು ಕಂಪೆನಿಗಳು ಕಂಡುಕೊಂಡ ಉಪಾಯ ಸ್ವಂತ ದ್ವೀಪ. 1977ರಲ್ಲಿ ನಾರ್ವೇಜಿಯನ್ ಕಂಪೆನಿ ಬಹಾಮಾಸ್‌ನಲ್ಲಿ ಒಂದು ಪುಟ್ಟ ದ್ವೀಪವನ್ನು ಕೊಂಡುಕೊಂಡಿತು. ಇತರರೂ ಹಿಂಬಾಲಿಸಿದರು. ಅಲ್ಲಿ ಮರಳಿದೆ, ತೆಂಗಿದೆ, ಊಟವಿದೆ, ಊರಿಲ್ಲ. ಹೈತಿ ದೇಶದ ಲಬಾದಿ ಎಂಬ ಕಡಲಂಚನ್ನು ರಾಯಲ್ ಕೆರೀಬಿಯನ್ ಗುತ್ತಿಗೆಗೆ ಪಡೆದು ಬೇಲಿ ಹಾಕಿತ್ತು. 2010ರ ಜನವರಿ 12ರಂದು ಆ ದೇಶದಲ್ಲಿ ಮಹಾ ಭೂಕಂಪವಾಗಿ ಲೆಕ್ಕವಿಲ್ಲದಷ್ಟು ಜನ ಸತ್ತರು. ಮೂರೇ ದಿನಗಳಲ್ಲಿ, 15ರಂದು, ವಿಹಾರನೌಕೆ ಎಂದಿನಂತೆ ಲಬಾದಿಗೆ ಬಂದಿತು. ಹಡಗು ಪರಿಹಾರದ ಸಾಮಗ್ರಿಯನ್ನೂ ತಂದಿತ್ತೆಂಬುದು ನಿಜ. ಅಲ್ಲಿನ ಜನಕ್ಕೆ ಆ ದಿನದ ಕೂಲಿ ಸಿಕ್ಕಿತೆಂಬುದೂ ನಿಜ. ಆದರೂ ಬೇಲಿಯೊಳಗೆ ಮರಳಿನ ಮೇಲೆ ಮಲಗಿ ಬಿಸಿಲು ಕಾಯಿಸಿಕೊಳ್ಳಲು ಪ್ರಯಾಣಿಕರಲ್ಲೇ ಕೆಲವರಿಗೆ ಮನಸ್ಸಾಗಲಿಲ್ಲ. ಅವರು ಹಡಗಿನಿಂದ ಇಳಿಯಲೇ ಇಲ್ಲ. ಬಾರದೆ ಇದ್ದಿದ್ದರೆ ಹೈತಿಗೆ ಒಳ್ಳೆಯದಾಗುತ್ತಿತ್ತೇ? ನಮ್ಮ ತರಗತಿಯಲ್ಲಿ ಈ ಪ್ರಶ್ನೆ ಎತ್ತಿದಾಗ ಒಂದು ಗಂಟೆ ಚರ್ಚೆ ನಡೆದು, ಕೊನೆಗೆ ಗಂಟೆ ಬಾರಿಸಿದ್ದರಿಂದ ಎದ್ದೆವು.

ನಮ್ಮ ಕರಾವಳಿಗೂ ಇದು ಹೊಸತಲ್ಲ. ಮಳೆಗಾಲ ಕಳೆದ ಮೇಲೆ ನವಮಂಗಳೂರು ಬಂದರಿಗೆ ವಿಹಾರನೌಕೆಗಳು ಬರುತ್ತವೆ. ಚೆಂಡೆಯ ಸದ್ದಿನೊಡನೆ, ಯಕ್ಷಗಾನದ ವೇಷದೊಡನೆ ಸ್ವಾಗತ. ಪ್ರಯಾಣಿಕರನ್ನು ಬಸ್ಸಿನಲ್ಲಿ ಕುದ್ರೋಳಿ ದೇವಸ್ಥಾನಕ್ಕೋ, ಇಟಲಿಯ ಮೊಸ್ಕೇನಿ ಬಿಡಿಸಿದ ಚಿತ್ರಗಳಿರುವ ಅಲೋಶಿಯಸ್ ಪ್ರಾರ್ಥನಾಮಂದಿರಕ್ಕೋ, ಗೇರುಬೀಜದ ಕಾರ್ಖಾನೆಗೋ, ಮೂಡುಬಿದಿರೆಗೋ ಕರೆದೊಯ್ದು ಸಂಜೆಗೆ ಹಡಗಿಗೆ ಸೇರಿಸುತ್ತಾರೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ಕಟ್ಟಿದುದು 1430ರಲ್ಲಿ. ಅಲ್ಲಿ ಒಂದು ಕಂಬದಂತೆ ಇನ್ನೊಂದಿಲ್ಲವೆಂದು ಹೇಳುತ್ತಾರೆ. ಅದನ್ನು ನೋಡಲು ಸಿಗುವ ವೇಳೆಯಲ್ಲಿ ಪ್ರಯಾಣಿಕನು ಎಷ್ಟು ಕಂಬಗಳನ್ನು ಕಂಡಾನು? ಆದರೆ ನ್ಯಾಯವಾಗಿ ಹೇಳುವುದಾದರೆ, ಹಡಗಿಲ್ಲದಿದ್ದರೆ ಆ ಮುದುಕ ಜರ್ಮನನು ಮೂಡುಬಿದಿರೆಯ ಹೆಸರನ್ನೇ ಕೇಳುತ್ತಿರಲಿಲ್ಲ. ವಿಹಾರನೌಕೆ ವಿಶ್ರಾಂತಿಗೆ ಒಳ್ಳೆಯದು, ದೇಶ ನೋಡುವುದಕ್ಕೆ ಅಲ್ಲ ಎಂಬುದು ನನ್ನ ತೀರ್ಮಾನ. ಜಾಹೀರಾತು ಎರಡನ್ನೂ ಒಂದೇ ಟಿಕೆಟಿನಲ್ಲಿ ಮಾರುತ್ತದೆ; ತೊಡಕು ಇರುವುದು ಅಲ್ಲಿ.

ಅಪಾಯ ಮತ್ತು ರೋಗಗಳ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. 2012ರ ಜನವರಿ 13ರಂದು ‘ಕೋಸ್ಟಾ ಕಾಂಕಾರ್ಡಿಯಾ’ ಇಟಲಿಯ ಜಿಲಿಯೋ ದ್ವೀಪದ ಬಂಡೆಗೆ ಬಡಿದು 32 ಜನ ಸತ್ತರು. ಕಪ್ತಾನನಿಗೆ 16 ವರ್ಷ ಸೆರೆಯಾಯಿತು. ಆದರೂ ಹಡಗು ಮುಳುಗುವುದು ಅಪರೂಪ. ಹೆಚ್ಚು ಬಾಧಿಸುವುದು ವಾಂತಿಭೇದಿ: ಸಾವಿರಾರು ಜನ ಒಂದೇ ಅಡಿಗೆಯನ್ನುಂಡು ಒಂದೇ ಕಟಕಟೆಯನ್ನು ಹಿಡಿದು ಓಡಾಡುವಲ್ಲಿ ಒಬ್ಬನ ರೋಗ ಎಲ್ಲರ ರೋಗ. ಅಮೆರಿಕದ ಆರೋಗ್ಯ ಇಲಾಖೆ ಹಡಗುಗಳನ್ನು ಪರೀಕ್ಷಿಸಿ ನೂರಕ್ಕೆ ಅಂಕ ಕೊಡುತ್ತದೆ. 85 ಮತ್ತು ಅದಕ್ಕೂ ಕಡಿಮೆ ಬಂದರೆ ಅನುತ್ತೀರ್ಣ. (ನಮ್ಮ ವಿಶ್ವವಿದ್ಯಾಲಯಕ್ಕೆ ಈ ಸುದ್ದಿ ತಲುಪದಿರಲಿ!)

ಸಮುದ್ರಕ್ಕಾಗುವ ಕೇಡು ಇನ್ನೊಂದು. ದಡದಿಂದ 12 ನಾವಿಕ ಮೈಲಿಗಳಾಚೆ ಶುದ್ಧಿಮಾಡದ ಮಲಿನವನ್ನೂ ಬಿಡಲು ಅಂತರರಾಷ್ಟ್ರೀಯ ನಿಯಮ ಸಾಮಾನ್ಯವಾಗಿ ಅವಕಾಶ ಕೊಡುತ್ತದೆ. ಎಣ್ಣೆಗೆ ಆ ಅವಕಾಶವಿಲ್ಲ. 2013ರಲ್ಲಿ ‘ಕೆರೀಬಿಯನ್ ಪ್ರಿನ್ಸೆಸ್’ ಎಂಬ ನೌಕೆಯಲ್ಲಿ ಹೊಸದಾಗಿ ಸೇರಿದ ಇಂಜಿನಿಯರನೊಬ್ಬನು, ಶುದ್ಧಿಯಂತ್ರವನ್ನು ತಪ್ಪಿಸಿ ಎಣ್ಣೆಬೆರೆತ ನೀರನ್ನು ಕಡಲಿಗೆ ಬಿಡುವ ಒಂದು ಗುಪ್ತ ಕೊಳವೆಯನ್ನು ಕಂಡು, ಇಂಗ್ಲೆಂಡಿನ ಬಂದರಿನಲ್ಲಿ ಕೆಲಸ ಬಿಟ್ಟು ಅಧಿಕಾರಿಗಳಿಗೆ ತಿಳಿಸಿದನು. 2016ರಲ್ಲಿ ಆ ಕಂಪೆನಿಗೆ 4 ಕೋಟಿ ಡಾಲರು ದಂಡವಾಯಿತು. ಹೊಸಬನಾದ ಆ ನೌಕರನ ಧೈರ್ಯ ದೊಡ್ಡದು. ಹಡಗಿನ ಮೇಲೆ ಕೆಲಸ ಬಿಡುವುದೆಂದರೆ ಏನೆಂದು ನಮ್ಮ ಮನೆಯಲ್ಲಿ ನಮಗೆ ಗೊತ್ತು.

ನನ್ನ ದೊಡ್ಡಪ್ಪನ ಮಗ ಕೋಣೆ ಚೊಕ್ಕಟ ಮಾಡುವ ಕೆಲಸದಲ್ಲಿದ್ದಾನೆ. ಗೋವೆ, ಮಂಗಳೂರು, ಉಡುಪಿಯ ಕಡೆಯಿಂದ ಈ ಹಡಗುಗಳಿಗೆ ಹೋದವರು ಅನೇಕರು. ಕರಾವಳಿಯ ಓದುಗರಿಗೆ ಹೇಳಬೇಕಾದುದಿಲ್ಲ. ಅವನ ಪಾಲಿಗೆ ಹದಿನೆಂಟು ಕೋಣೆಗಳು, ದಿನಕ್ಕೆ ಎರಡು ಸಲ. ಎಂಟು ತಿಂಗಳ ಕರಾರಿನಲ್ಲಿ ಒಂದು ದಿನವೂ ಪೂರ್ಣ ರಜೆಯಿಲ್ಲ. ಅವನ ವಾಸ ನೀರಿನ ಮಟ್ಟಕ್ಕಿಂತ ಕೆಳಗೆ, ಕಿಟಕಿಯಿಲ್ಲದ ಕೋಣೆಯಲ್ಲಿ, ಇನ್ನೊಬ್ಬನ ಜೊತೆ. ಹಡಗಿನ ಉದ್ದಕ್ಕೂ ನೌಕರರೇ ಓಡಾಡುವ ಒಂದು ಹಾದಿಯುಂಟಂತೆ. ಅಮೆರಿಕದ ಹೆದ್ದಾರಿಯೊಂದರ ನೆನಪಿಗೆ ಅದನ್ನು ‘ಐ-95’ ಎನ್ನುತ್ತಾರೆ. ಮೆಕ್ಸಿಕೋದ ಕೊಝುಮೆಲ್ ದ್ವೀಪವನ್ನು ಅವನು ಮೂವತ್ತು ನಲವತ್ತು ಸಲ ಮುಟ್ಟಿದ್ದಾನೆ. ಅಲ್ಲಿ ಏನಿದೆ ಎಂದು ಕೇಳಿದೆ. ಕಟ್ಟೆಯಿಂದ ಹತ್ತು ನಿಮಿಷ ನಡೆದರೆ ಒಂದು ಅಂಗಡಿಯಿದೆ, ಅಲ್ಲಿ ಕುಳಿತು ಮನೆಗೆ ಫೋನು ಮಾಡಬಹುದು ಎಂದ. ಅವನಿಗೆ ಕೊಝುಮೆಲ್ ಎಂದರೆ ಅಷ್ಟೇ.

ಆ ಸಂಬಳದಿಂದ ನಮ್ಮ ಎರಡು ಮನೆಗಳ ಮಾಡಿಗೆ ಹೊಸ ಹಂಚು ಬಂದಿತು. ನಮ್ಮ ಕುಟುಂಬದಲ್ಲಿ ಬಿ.ಎ. ವರೆಗೆ ಬಂದವರಲ್ಲಿ ನಾನೇ ಮೊದಲಿಗ. ನನ್ನ ಮೂರು ವರ್ಷದ ಶುಲ್ಕವೂ ಪುಸ್ತಕವೂ ಬಂದುದು ಆ ಹದಿನೆಂಟು ಕೋಣೆಗಳಿಂದ. ಹೀಗಿರುವಾಗ ವಿಹಾರನೌಕೆಯನ್ನು ಬರಿದೆ ಜರೆಯುವುದು ನನ್ನಿಂದಾಗದು. ಹೊಗಳುವುದೂ ಆಗದು. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮದಲ್ಲಿ ‘ಡೈಮಂಡ್ ಪ್ರಿನ್ಸೆಸ್’ ನೌಕೆಯನ್ನು ತಡೆದಾಗ ಅದರಲ್ಲಿ 3,711 ಜನರಿದ್ದರು; 700ಕ್ಕೂ ಹೆಚ್ಚು ಜನರಿಗೆ ಕೋವಿಡ್ ತಗಲಿತು. ಭಾರತೀಯರು 138, ಅವರಲ್ಲಿ 132 ಮಂದಿ ನೌಕರರು. ಪ್ರಯಾಣಿಕರನ್ನು ಅವರವರ ಕೋಣೆಗಳಲ್ಲಿ ಇರಿಸಿದರು. ಆ ಕೋಣೆಗಳ ಬಾಗಿಲಿಗೆ ಮೂರು ಹೊತ್ತು ಊಟ ಒಯ್ದವರು ಈ ನೌಕರರು. ಆ ವರ್ಷ ಪ್ರಯಾಣಿಕರೆಲ್ಲ ಇಳಿದುಹೋದ ಮೇಲೂ ಸಾವಿರಾರು ನೌಕರರು ತಿಂಗಳುಗಟ್ಟಲೆ ಹಡಗುಗಳಲ್ಲೇ ಉಳಿಯಬೇಕಾಯಿತು.

ಕಾನೂನು ಇಲ್ಲವೆಂದಲ್ಲ. ನಾವಿಕ ಕಾರ್ಮಿಕರ 2006ರ ಅಂತರರಾಷ್ಟ್ರೀಯ ಒಡಂಬಡಿಕೆ 2013ರ ಆಗಸ್ಟಿನಲ್ಲಿ ಜಾರಿಗೆ ಬಂದಿತು. ಭಾರತ 2015ರಲ್ಲಿ ಅದಕ್ಕೆ ಒಪ್ಪಿಗೆಯಿತ್ತಿತು. ವಿಶ್ರಾಂತಿಯ ಲೆಕ್ಕದಂತೆ, ದಿನಕ್ಕೆ ಕನಿಷ್ಠ ಹತ್ತು ಗಂಟೆಯೂ ವಾರಕ್ಕೆ 77 ಗಂಟೆಯೂ ಬಿಡುವು ಸಿಗಬೇಕು. ದಿನದ ಹತ್ತು ಗಂಟೆಯನ್ನು ಎರಡು ತುಂಡು ಮಾಡಬಹುದು. ಒಂದು ತುಂಡಾದರೂ ಆರು ಗಂಟೆಗೆ ಕಡಿಮೆಯಿರಕೂಡದು. ಓದಿ ನೋಡಿದರೆ ಇದೇ ನಮ್ಮ ಅಣ್ಣನ ದಿನಚರಿ! ದಯೆಯ ಮೇರೆಯನ್ನೇ ಕಾನೂನು ವೇಳಾಪಟ್ಟಿ ಮಾಡಿಕೊಟ್ಟಿದೆ. ಪ್ರಯಾಣಿಕರು ದೊಡ್ಡ ಕಂಪೆನಿಗಳ ಹಡಗುಗಳಲ್ಲಿ ದಿನಕ್ಕೆ ತಲೆಗೆ 16ರಿಂದ 20 ಡಾಲರಿನವರೆಗೆ ಕೊಡುವ ‘ಭಕ್ಷೀಸು’ ಅವನ ಸಂಪಾದನೆಯ ದೊಡ್ಡ ಭಾಗ. ಹೋಗುವವರು ಅದನ್ನು ಕಡಿತ ಮಾಡಿಸದಿದ್ದರೆ ಅಷ್ಟು ಉಪಕಾರ.

ನಮ್ಮ ಕಾಲೇಜಿನಿಂದಲೂ ಪ್ರತಿವರ್ಷ ಕೆಲವರು ಇಂತಹ ನೌಕರಿಯ ಯೋಚನೆ ಮಾಡುತ್ತಾರೆ. ಅವರಿಗೆ ಒಂದು ಸಂಗತಿ. ನಮ್ಮ ಅಣ್ಣನನ್ನು ಸೇರಿಸುವುದಕ್ಕೆ ಒಬ್ಬ ದಲ್ಲಾಳಿ ದೊಡ್ಡಮ್ಮನ ಎರಡು ಬಳೆಗಳಷ್ಟು ಹಣ ತೆಗೆದುಕೊಂಡ. ಅದನ್ನು ತೀರಿಸಲು ಮೊದಲ ಕರಾರಿನ ಅರ್ಧ ಹೋಯಿತು. ಆ ಒಡಂಬಡಿಕೆಯಂತೆ ಕೆಲಸ ಕೊಡಿಸಿದ್ದಕ್ಕೆ ನೌಕರನಿಂದ ಶುಲ್ಕ ಕೇಳಕೂಡದು. ರಹದಾರಿ, ನಾವಿಕ ಪುಸ್ತಕ, ವೈದ್ಯಕೀಯ ಪ್ರಮಾಣಪತ್ರ ಇವುಗಳ ವೆಚ್ಚ ಮಾತ್ರ ನಮ್ಮದು. ವೀಸಾದ ವೆಚ್ಚವೂ ಹಡಗಿನ ಒಡೆಯನದು. ಕೆಲಸ ಕೊಡಿಸುವ ಸಂಸ್ಥೆಗೆ ಕೇಂದ್ರ ಸರ್ಕಾರದ ನೌಕಾಯಾನ ಇಲಾಖೆಯ ಪರವಾನಿಗೆ ಇರಬೇಕು. ಪರವಾನಿಗೆಯ ಸಂಖ್ಯೆಯನ್ನು ಮೊದಲು ಕೇಳಿರಿ, ಅದು ಇಲಾಖೆಯ ಪಟ್ಟಿಯಲ್ಲಿದೆಯೇ ಎಂದು ನೋಡಿರಿ. ಬಳೆಯ ಮಾತು ಎತ್ತಿದರೆ ಎದ್ದು ಬನ್ನಿರಿ.